ಡಿವಿಡೆಂಡ್ ಘೋಷಣೆಗೆ ಷೇರಿನ ಬೆಲೆ ಎಷ್ಟು ಅಲುಗಿತು? ಮನೆಯಲ್ಲೇ ಕೂತು ಲೆಕ್ಕ ಹಾಕುವ ಬಗೆ

2023ರ ಏಪ್ರಿಲ್ 13, ಗುರುವಾರ. ಪೇಟೆ ಮುಚ್ಚಿದ ಮೇಲೆ ಇನ್ಫೊಸಿಸ್ ವಾರ್ಷಿಕ ಫಲಿತಾಂಶ ಪ್ರಕಟಿಸಿತು, ಜೊತೆಗೆ ಷೇರಿಗೆ ₹17.50 ಅಂತಿಮ ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭದ ಪಾಲು) ಶಿಫಾರಸು ಮಾಡಿತು. ಹಿಂದಿನ ವರ್ಷ ಅಂತಿಮ ಡಿವಿಡೆಂಡ್ ₹16 ಇತ್ತು. ವರ್ಷದ ನಡುವೆ ಕೊಟ್ಟ ಮಧ್ಯಂತರದ್ದನ್ನೂ ಸೇರಿಸಿದರೆ ವರ್ಷದ ಒಟ್ಟು ₹31ರಿಂದ ₹34ಕ್ಕೆ ಏರಿದಂತಾಯಿತು. ಶುಕ್ರವಾರ ಅಂಬೇಡ್ಕರ್ ಜಯಂತಿ, ಆಮೇಲೆ ಶನಿವಾರ, ಭಾನುವಾರ. ಸೋಮವಾರ 17ರಂದು ಪೇಟೆ ತೆರೆದದ್ದೇ ತಡ, ಷೇರು ಜರ್ರನೆ ಇಳಿಯಿತು. ಸಂಜೆಯ ಹೊತ್ತಿಗೆ ಶೇ 9ಕ್ಕಿಂತ ಹೆಚ್ಚು ಕಳೆದುಕೊಂಡಿತ್ತು.

ಡಿವಿಡೆಂಡ್ ಏರಿತು, ಬೆಲೆ ಇಳಿಯಿತು. ಕಾರಣ ಅದೇ ಸಂಜೆಯ ಪ್ರಕಟಣೆಯಲ್ಲೇ ಇತ್ತು: ಮುಂದಿನ ಹಣಕಾಸು ವರ್ಷದಲ್ಲಿ ಆದಾಯದ ಬೆಳವಣಿಗೆ ಶೇ 4ರಿಂದ 7ರ ನಡುವೆ ಇರಬಹುದು ಎಂದು ಕಂಪನಿ ಹೇಳಿತ್ತು. ಪೇಟೆ ಅದಕ್ಕಿಂತ ಹೆಚ್ಚು ನಿರೀಕ್ಷಿಸಿತ್ತು. ₹1.50 ಹೆಚ್ಚುವರಿ ಡಿವಿಡೆಂಡ್ ಆ ನಿರಾಶೆಯ ಮುಂದೆ ಕಾಣಿಸಲೇ ಇಲ್ಲ.

ಡಿವಿಡೆಂಡ್ ಸುದ್ದಿಗೂ ಷೇರಿನ ಬೆಲೆಗೂ ಇರುವ ನಂಟನ್ನು ಅಳೆಯಲು ಹೊರಟವರು ಎಡವುವುದು ಇಂಥ ಕಡೆಯೇ. ಒಂದೇ ದಿನ ಬಂದ ಎರಡು ಸುದ್ದಿಗಳನ್ನು ಬೇರ್ಪಡಿಸುವುದು, ಪೇಟೆಗೆ ಮೊದಲೇ ಗೊತ್ತಿದ್ದದ್ದನ್ನು ಹೊಸದರಿಂದ ಬೇರ್ಪಡಿಸುವುದು, ಸುದ್ದಿಯಿಂದಾದ ಏರಿಳಿತವನ್ನು ಹಣ ಕಂಪನಿಯ ಕೈಬಿಟ್ಟುಹೋದದ್ದರಿಂದಾದ ಇಳಿಕೆಯಿಂದ ಬೇರ್ಪಡಿಸುವುದು, ಈ ಮೂರೂ ಆಗಬೇಕು. ಒಂದು ಸ್ಪ್ರೆಡ್‌ಶೀಟ್, ಎಕ್ಸ್‌ಚೇಂಜ್‌ನ ವೆಬ್‌ಸೈಟ್, ಒಂದೆರಡು ಗಂಟೆಯ ತಾಳ್ಮೆ ಇದ್ದರೆ ಸಾಕು.

ಮೊದಲು ತಾರೀಖುಗಳು

ಒಂದು ಡಿವಿಡೆಂಡ್‌ಗೆ ನಾಲ್ಕು ದಿನಾಂಕಗಳಿರುತ್ತವೆ. ನಾಲ್ಕನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ.

ಮೊದಲನೆಯದು ಘೋಷಣೆಯ ದಿನ, ಅಂದರೆ ನಿರ್ದೇಶಕರ ಮಂಡಳಿಯ ಸಭೆ ಮುಗಿದು ತೀರ್ಮಾನ ಎಕ್ಸ್‌ಚೇಂಜ್‌ಗೆ ತಲುಪಿದ ದಿನ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಸಭೆ ಮುಗಿದ 30 ನಿಮಿಷದೊಳಗೆ ತೀರ್ಮಾನ ತಿಳಿಸಬೇಕು. ಪೇಟೆ ಮುಚ್ಚಿದ ಮೇಲೆ ಸಭೆ ಮುಗಿದರೆ 3 ಗಂಟೆ ಕಾಲಾವಕಾಶ ಇದೆ. ಎನ್‌ಎಸ್‌ಇ, ಬಿಎಸ್‌ಇ ಎರಡರಲ್ಲೂ ಪ್ರತಿ ಪ್ರಕಟಣೆಯ ಪಕ್ಕ ಗಂಟೆ, ನಿಮಿಷ ನಮೂದಾಗಿರುತ್ತದೆ. ಆ ಸಮಯವನ್ನು ನೋಡದೆ ಮುಂದಕ್ಕೆ ಹೋಗಬೇಡಿ. ಮಧ್ಯಾಹ್ನ 3:30ರ ನಂತರ ಬಂದ ಸುದ್ದಿಯ ಪರಿಣಾಮ ಕಾಣುವುದು ಮುಂದಿನ ವಹಿವಾಟಿನ ದಿನ. ಇನ್ಫೊಸಿಸ್‌ನ ಆ ಘೋಷಣೆ 13ರಂದೇ ಆಗಿದ್ದರೂ ನಮ್ಮ ಲೆಕ್ಕದಲ್ಲಿ 'ಸೊನ್ನೆ ದಿನ' ಏಪ್ರಿಲ್ 17. ಪತ್ರಿಕೆಯ ತಾರೀಖು ನಂಬಿ 13 ಎಂದು ಹಾಕಿಕೊಂಡರೆ ಇಡೀ ಕುಸಿತ 'ಘೋಷಣೆಯ ನಂತರದ ದಿನ'ಕ್ಕೆ ಹೋಗಿ ಕೂರುತ್ತದೆ, ಪೇಟೆ ನಿಧಾನವಾಗಿ ಎಚ್ಚೆತ್ತಿತು ಎಂಬ ಸುಳ್ಳು ತೀರ್ಮಾನಕ್ಕೆ ಬರುತ್ತೀರಿ.

ಅಂತಿಮ ಡಿವಿಡೆಂಡ್ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಮಂಡಳಿ ಮಾಡುವುದು ಶಿಫಾರಸು ಮಾತ್ರ, ಒಪ್ಪಿಗೆ ಕೊಡುವುದು ವಾರ್ಷಿಕ ಮಹಾಸಭೆ. ಹಾಗೆಂದು ಮಹಾಸಭೆಯ ದಿನವನ್ನು ಸೊನ್ನೆ ದಿನ ಮಾಡಿಕೊಳ್ಳಬೇಡಿ. ಕಂಪನಿ ಕಾಯ್ದೆಯ ಪ್ರಕಾರ ಷೇರುದಾರರು ಮಂಡಳಿ ಹೇಳಿದ್ದಕ್ಕಿಂತ ಹೆಚ್ಚು ಘೋಷಿಸುವಂತಿಲ್ಲ, ಕಡಿಮೆ ಮಾಡುವುದು ಬಲು ಅಪರೂಪ. ಆದ್ದರಿಂದ ಪೇಟೆಗೆ ಹೊಸ ವಿಷಯ ತಿಳಿಯುವುದು ಮಂಡಳಿ ಸಭೆಯ ದಿನವೇ. ಮಧ್ಯಂತರ ಡಿವಿಡೆಂಡ್‌ಗೆ ಮಂಡಳಿಯ ತೀರ್ಮಾನವೇ ಸಾಕು.

ಎರಡನೆಯದು ರೆಕಾರ್ಡ್ ಡೇಟ್: ಆ ದಿನ ಡಿಮ್ಯಾಟ್ ಖಾತೆಯಲ್ಲಿ ಯಾರ ಹೆಸರಲ್ಲಿ ಷೇರು ಇದೆಯೋ ಅವರಿಗೆ ಡಿವಿಡೆಂಡ್. ಮೂರನೆಯದು ಎಕ್ಸ್-ಡೇಟ್: ಆ ದಿನ ಕೊಂಡವರಿಗೆ ಈ ಸಲದ ಡಿವಿಡೆಂಡ್ ಇಲ್ಲ. 2023ರ ಜನವರಿ 27ರಿಂದ ಎಲ್ಲ ಷೇರುಗಳೂ ಟಿ+1 (ಕೊಂಡ ಮರುವಹಿವಾಟಿನ ದಿನವೇ ಷೇರು ಖಾತೆಗೆ ಬರುವ) ವ್ಯವಸ್ಥೆಗೆ ಬಂದಿರುವುದರಿಂದ ಈಗ ಸಾಮಾನ್ಯವಾಗಿ ಇವೆರಡೂ ಒಂದೇ ದಿನ. ರೆಕಾರ್ಡ್ ಡೇಟ್ ಶುಕ್ರವಾರವಾದರೆ ಗುರುವಾರ ಕೊಂಡ ಷೇರು ಶುಕ್ರವಾರ ಖಾತೆಗೆ ಬರುತ್ತದೆ, ಡಿವಿಡೆಂಡ್ ಸಿಗುತ್ತದೆ. ಶುಕ್ರವಾರ ಕೊಂಡರೆ ಇಲ್ಲ. ಶುಕ್ರವಾರ ಬೆಳಿಗ್ಗೆ ಮಾರಿದವರಿಗೂ ಡಿವಿಡೆಂಡ್ ಬರುತ್ತದೆ, ಇದು ಹಲವರಿಗೆ ಗೊತ್ತಿಲ್ಲ. ರೆಕಾರ್ಡ್ ಡೇಟ್ ಪೇಟೆಯ ರಜೆಯಂದು ಬಿದ್ದರೆ ಎಕ್ಸ್-ಡೇಟ್ ಹಿಂದಿನ ವಹಿವಾಟಿನ ದಿನಕ್ಕೆ ಸರಿಯುತ್ತದೆ, ಎಕ್ಸ್‌ಚೇಂಜ್‌ನ ಸುತ್ತೋಲೆಯನ್ನೇ ನೋಡಿ. 2023ಕ್ಕಿಂತ ಹಿಂದಿನ ಮಾಹಿತಿ ತೆಗೆದುಕೊಂಡಿದ್ದರೆ ಎಕ್ಸ್-ಡೇಟ್ ಒಂದು ದಿನ ಮುಂಚೆ ಇರುತ್ತದೆ, ಕಾಲಂ ಬೇರೆ ಇಡಬೇಕು ಎಂದದ್ದು ಇದಕ್ಕೇ.

ನಾಲ್ಕನೆಯದು ಹಣ ಬರುವ ದಿನ. ಘೋಷಣೆಯಾದ (ಅಂತಿಮ ಡಿವಿಡೆಂಡ್ ಆದರೆ ಮಹಾಸಭೆ ಒಪ್ಪಿದ) 30 ದಿನದೊಳಗೆ ಪಾವತಿಸಬೇಕು ಎಂಬುದು ಕಾನೂನು. ಬೆಲೆಯ ಮೇಲೆ ಇದರ ಪರಿಣಾಮ ಹುಡುಕಬೇಕಾಗಿಲ್ಲ.

ಶೇಕಡಾವಾರು ಅಂಕಿ ಕಂಡರೆ ಎಚ್ಚರ

'ಶೇ 30 ಡಿವಿಡೆಂಡ್' ಎಂಬ ತಲೆಬರಹ ಇಂದಿಗೂ ಬರುತ್ತದೆ. ಅದು ಮುಖಬೆಲೆಯ (ಷೇರಿಗೆ ನಮೂದಾದ ಮೂಲ ಬೆಲೆ, ಪೇಟೆಯ ಬೆಲೆಯಲ್ಲ) ಮೇಲಿನ ಲೆಕ್ಕ. ಎಂಆರ್‌ಎಫ್ 2023–24ರಲ್ಲಿ ₹10 ಮುಖಬೆಲೆಯ ಷೇರಿಗೆ ತಲಾ ₹3ರಂತೆ ಎರಡು ಮಧ್ಯಂತರ ಡಿವಿಡೆಂಡ್ ಕೊಟ್ಟಿತು, ಅಂದರೆ ಪ್ರತಿ ಸಲ ಶೇ 30. ಆಗ ಆ ಷೇರಿನ ಬೆಲೆ ಲಕ್ಷ ರೂಪಾಯಿ ದಾಟಿತ್ತು. ₹1 ಲಕ್ಷಕ್ಕೆ ₹3 ಎಂದರೆ ಶೇ 0.003. ಇನ್ನೊಂದು ತುದಿಯಲ್ಲಿ ವೇದಾಂತ: 2022–23ರಲ್ಲಿ ಐದು ಕಂತುಗಳಲ್ಲಿ ಒಟ್ಟು ₹101.50, ₹1 ಮುಖಬೆಲೆಯ ಮೇಲೆ ಶೇ 10,150. ಎರಡೂ ಅಂಕಿಗಳಿಂದ ಹೂಡಿಕೆದಾರನಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಷೇರಿಗೆ ಎಷ್ಟು ರೂಪಾಯಿ ಎಂದೇ ಘೋಷಿಸಬೇಕೆಂದು ಸೆಬಿ ನಿಯಮ ಇರುವುದು ಈ ಕಾರಣಕ್ಕೆ. ನಿಮ್ಮ ಹಾಳೆಯಲ್ಲೂ ರೂಪಾಯಿ ಮಾತ್ರ ಬರೆಯಿರಿ. ಪಕ್ಕದಲ್ಲಿ ಘೋಷಣೆಯ ಹಿಂದಿನ ದಿನದ ಬೆಲೆಯಿಂದ ಭಾಗಿಸಿದ ಶೇಕಡಾ ಇರಲಿ.

ಅಚ್ಚರಿ ಎಷ್ಟಿತ್ತು?

ಅರ್ಥಶಾಸ್ತ್ರಜ್ಞರಾದ ಮಿಲ್ಲರ್ ಮತ್ತು ಮೊದಿಲಿಯಾನಿ 1961ರಲ್ಲೇ ತೋರಿಸಿಕೊಟ್ಟ ವಿಷಯ ಇದು: ತೆರಿಗೆ, ಖರ್ಚು, ಮಾಹಿತಿಯ ವ್ಯತ್ಯಾಸ ಇಲ್ಲದ ಪೇಟೆಯಲ್ಲಿ, ಕಂಪನಿಯ ಹೂಡಿಕೆ ಯೋಜನೆ ಬದಲಾಗದಿದ್ದರೆ, ಡಿವಿಡೆಂಡ್ ಎಷ್ಟು ಕೊಟ್ಟರೂ ಷೇರುದಾರನ ಒಟ್ಟು ಸಂಪತ್ತು ಬದಲಾಗುವುದಿಲ್ಲ. ಕಂಪನಿಯ ಖಜಾನೆಯಲ್ಲಿದ್ದ ₹14 ನಿಮ್ಮ ಬ್ಯಾಂಕ್ ಖಾತೆಗೆ ಬಂತು, ಷೇರಿನ ಬೆಲೆ ₹14 ಇಳಿಯಿತು, ಅಷ್ಟೇ. ಹಾಗಾದರೆ ಘೋಷಣೆಯ ದಿನ ಬೆಲೆ ಏಕೆ ಏರುತ್ತದೆ? ಮಾಹಿತಿಯ ವ್ಯತ್ಯಾಸ ಇರುವುದರಿಂದ. ಕಂಪನಿಯ ಒಳಗಿನವರಿಗೆ ಮುಂದಿನ ವರ್ಷದ ಗಳಿಕೆಯ ಬಗ್ಗೆ ನಮಗಿಂತ ಹೆಚ್ಚು ಗೊತ್ತು. ಜಾನ್ ಲಿಂಟ್ನರ್ 1956ರಲ್ಲಿ ಅಮೆರಿಕದ 28 ಕಂಪನಿಗಳ ಆಡಳಿತಗಾರರನ್ನು ವಿಚಾರಿಸಿ ಕಂಡುಕೊಂಡದ್ದು ಇದನ್ನೇ: ಏರಿಸಿದ ಡಿವಿಡೆಂಡ್ ಇಳಿಸುವುದೆಂದರೆ ಅವರಿಗೆ ಭಯ, ಆದ್ದರಿಂದ ಗಳಿಕೆ ನಿಲ್ಲುತ್ತದೆ ಎಂಬ ಭರವಸೆ ಬರುವ ತನಕ ಏರಿಸುವುದಿಲ್ಲ, ಏರಿಸಿದರೂ ಸ್ವಲ್ಪ ಸ್ವಲ್ಪವಾಗಿ. ಏರಿಕೆ ಕಂಡಾಗ ಪೇಟೆ ಓದುವುದು ಆ ಭರವಸೆಯನ್ನು.

ಆದ್ದರಿಂದ ಅಳೆಯಬೇಕಾದ್ದು ಡಿವಿಡೆಂಡ್‌ನ ಮೊತ್ತವನ್ನಲ್ಲ, ಪೇಟೆ ನಿರೀಕ್ಷಿಸಿದ್ದಕ್ಕೂ ಬಂದದ್ದಕ್ಕೂ ಇರುವ ಅಂತರವನ್ನು. ಸರಳ ದಾರಿ: ಕಳೆದ ವರ್ಷ ಇದೇ ಬಗೆಯ ಡಿವಿಡೆಂಡ್ ಎಷ್ಟಿತ್ತೋ ಅದೇ ನಿರೀಕ್ಷೆ ಎಂದುಕೊಳ್ಳಿ. ಅಂತಿಮವನ್ನು ಅಂತಿಮದ ಜೊತೆಗೆ, ಮಧ್ಯಂತರವನ್ನು ಮಧ್ಯಂತರದ ಜೊತೆಗೆ ಹೋಲಿಸಿ. ಕಂಪನಿಯ ಡಿವಿಡೆಂಡ್ ನೀತಿಯನ್ನೂ ಒಮ್ಮೆ ಓದಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು ಅದನ್ನು ಪ್ರಕಟಿಸಲೇಬೇಕು. 'ಲಾಭದ ಇಷ್ಟು ಪಾಲು ಹಂಚುತ್ತೇವೆ' ಎಂದು ನೀತಿಯಲ್ಲೇ ಬರೆದಿದ್ದರೆ, ಲಾಭ ಪ್ರಕಟವಾದ ಕ್ಷಣವೇ ಡಿವಿಡೆಂಡ್ ಎಷ್ಟೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅಲ್ಲಿ ಅಚ್ಚರಿ ಇರುವುದಿಲ್ಲ.

ಹಳೆಯ ಅಂಕಿಗಳನ್ನು ಬೋನಸ್ ಮತ್ತು ಮುಖಬೆಲೆ ವಿಭಜನೆಗೆ ಸರಿಹೊಂದಿಸಲು ಮರೆಯಬೇಡಿ. 1:1 ಬೋನಸ್ (ಒಂದು ಷೇರಿಗೆ ಇನ್ನೊಂದು ಉಚಿತ) ಆದಮೇಲೆ ₹20 ಇದ್ದದ್ದು ₹12 ಆದರೆ ಅದು ಇಳಿಕೆಯಲ್ಲ. ಹಳೆಯದನ್ನು ₹10 ಎಂದು ಓದಬೇಕು, ಆಗ ಶೇ 20 ಏರಿಕೆ.

ಕೆಲವು ಘೋಷಣೆಗಳನ್ನು ಪಟ್ಟಿಯಿಂದ ತೆಗೆಯಬೇಕು, ಇಲ್ಲವೇ ಬೇರೆ ಗುಂಪಿಗೆ ಹಾಕಬೇಕು. ವಿಶೇಷ ಡಿವಿಡೆಂಡ್ ಒಂದು ಸಲದ ಮಾತು, ಆಸ್ತಿ ಮಾರಿದಾಗ ಅಥವಾ ನಗದು ಹೆಚ್ಚು ಕೂಡಿಬಿದ್ದಾಗ ಕೊಡುವುದು, ಮುಂದಿನ ಗಳಿಕೆಯ ಬಗ್ಗೆ ಅದು ಹೆಚ್ಚೇನೂ ಹೇಳುವುದಿಲ್ಲ. ಕೇಂದ್ರ ಸರ್ಕಾರಿ ಉದ್ದಿಮೆಗಳಿಗೆ ಕನಿಷ್ಠ ಡಿವಿಡೆಂಡ್‌ನ ಮಾರ್ಗಸೂಚಿ ಇದೆ: ನಿವ್ವಳ ಲಾಭದ ಶೇ 30 ಅಥವಾ ನಿವ್ವಳ ಮೌಲ್ಯದ ಶೇ 4, ಯಾವುದು ಹೆಚ್ಚೋ ಅದು. 2024ರ ನವೆಂಬರ್‌ಗೆ ಮುನ್ನ ಎರಡನೆಯದು ಶೇ 5 ಇತ್ತು. ಅಲ್ಲಿ ಡಿವಿಡೆಂಡ್ ಏರಿದರೆ ಆಡಳಿತದ ಆತ್ಮವಿಶ್ವಾಸಕ್ಕಿಂತ ಸರ್ಕಾರದ ಬೊಕ್ಕಸದ ಅಗತ್ಯ ಅದರಲ್ಲಿ ಕಾಣಬಹುದು. 2020ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕೋವಿಡ್ ಕಾರಣಕ್ಕೆ ಬ್ಯಾಂಕುಗಳ ಡಿವಿಡೆಂಡ್‌ಗೆ ತಡೆ ಹಾಕಿತು. ಆ ವರ್ಷ ಬ್ಯಾಂಕು ಡಿವಿಡೆಂಡ್ ಕೊಡಲಿಲ್ಲ ಎಂಬುದನ್ನು 'ಕಡಿತ' ಎಂದು ಎಣಿಸಿದರೆ ನಿಮ್ಮ ಲೆಕ್ಕವೇ ಕೆಡುತ್ತದೆ.

ಎಲ್ಲಕ್ಕಿಂತ ಮುಖ್ಯ, ಅದೇ ಪ್ರಕಟಣೆಯಲ್ಲಿ ಫಲಿತಾಂಶ, ಬೋನಸ್, ಷೇರು ಮರುಖರೀದಿ ಏನಾದರೂ ಇದೆಯೇ ಎಂಬುದನ್ನು 'ಬೇರೆ ಸುದ್ದಿ' ಎಂಬ ಕಾಲಂನಲ್ಲಿ ಗುರುತಿಸಿ. ಭಾರತದಲ್ಲಿ ಅಂತಿಮ ಡಿವಿಡೆಂಡ್ ಬಹುತೇಕ ವಾರ್ಷಿಕ ಫಲಿತಾಂಶದ ಜೊತೆಗೇ ಬರುತ್ತದೆ. ಆದ್ದರಿಂದ ಶುದ್ಧ ಡಿವಿಡೆಂಡ್ ಪರಿಣಾಮ ಬೇಕೆಂದರೆ, ಫಲಿತಾಂಶವಿಲ್ಲದೆ ಬೇರೆ ದಿನ ಬಂದ ಮಧ್ಯಂತರ ಡಿವಿಡೆಂಡ್‌ಗಳನ್ನು ಹೆಕ್ಕಿ. ಸಂಖ್ಯೆ ಕಡಿಮೆ ಸಿಗುತ್ತದೆ, ಆದರೂ ಅವೇ ಹೆಚ್ಚು ನಂಬಿಕೆಗೆ ಅರ್ಹ.

ಸ್ಪ್ರೆಡ್‌ಶೀಟ್ ಕೆಲಸ

ಷೇರಿನ ದಿನದ ಮುಕ್ತಾಯ ಬೆಲೆ ಮತ್ತು ಒಂದು ಸೂಚ್ಯಂಕ ಬೇಕು. ದೊಡ್ಡ ಕಂಪನಿಯಾದರೆ ನಿಫ್ಟಿ 50, ಸಣ್ಣದಾದರೆ ನಿಫ್ಟಿ 500 ಅಥವಾ ಆ ವಲಯದ ಸೂಚ್ಯಂಕ. ಸೊನ್ನೆ ದಿನಕ್ಕಿಂತ 131 ವಹಿವಾಟಿನ ದಿನ ಹಿಂದಿನಿಂದ 20 ದಿನ ಮುಂದಿನ ತನಕ ಮಾಹಿತಿ ಇಳಿಸಿಕೊಳ್ಳಿ. ಪ್ರತಿ ದಿನದ ಶೇಕಡಾ ಬದಲಾವಣೆ ತೆಗೆಯಿರಿ: ಇಂದಿನ ಬೆಲೆಯನ್ನು ನಿನ್ನೆಯದರಿಂದ ಭಾಗಿಸಿ ಒಂದು ಕಳೆಯಿರಿ.

ಈಗ −130ರಿಂದ −11ರ ತನಕದ (ಮೈನಸ್ ಎಂದರೆ ಸೊನ್ನೆ ದಿನಕ್ಕೆ ಹಿಂದಿನ) 120 ದಿನಗಳನ್ನು ಮಾತ್ರ ತೆಗೆದುಕೊಂಡು, ಷೇರಿನ ಬದಲಾವಣೆಗೂ ಸೂಚ್ಯಂಕದ ಬದಲಾವಣೆಗೂ ಇರುವ ಸಂಬಂಧ ಕಂಡುಹಿಡಿಯಿರಿ. ಎಕ್ಸೆಲ್‌ನಲ್ಲಿ ಸ್ಲೋಪ್ ಫಂಕ್ಷನ್ ಬೀಟಾ (ಸೂಚ್ಯಂಕ ಶೇ 1 ಅಲುಗಿದರೆ ಷೇರು ಎಷ್ಟು ಅಲುಗುತ್ತದೆ ಎಂಬುದು) ಕೊಡುತ್ತದೆ, ಇಂಟರ್‌ಸೆಪ್ಟ್ ಫಂಕ್ಷನ್ ಆಲ್ಫಾ (ಸೂಚ್ಯಂಕ ಅಲುಗದಿದ್ದರೂ ಷೇರು ಸರಾಸರಿ ಎಷ್ಟು ಬದಲಾಗುತ್ತದೆ ಎಂಬುದು) ಕೊಡುತ್ತದೆ. ಎಸ್‌ಟಿಇವೈಎಕ್ಸ್ ಎಂಬ ಫಂಕ್ಷನ್, ಸೂಚ್ಯಂಕದಿಂದ ವಿವರಿಸಲಾಗದ ದಿನನಿತ್ಯದ ಅಲುಗಾಟ ಎಷ್ಟೆಂದು ಹೇಳುತ್ತದೆ. ಮೂರಕ್ಕೂ ಮೊದಲು ಷೇರಿನ ಕಾಲಂ, ಆಮೇಲೆ ಸೂಚ್ಯಂಕದ ಕಾಲಂ ಕೊಡಬೇಕು. ತಿರುಗುಮುರುಗಾದರೆ ತಪ್ಪು ಸಂದೇಶ ಬರುವುದಿಲ್ಲ, ತಪ್ಪು ಬೀಟಾ ಬರುತ್ತದೆ. ಕೊನೆಯ ಹತ್ತು ದಿನ ಬಿಟ್ಟದ್ದು ಯಾಕೆಂದರೆ, ಘೋಷಣೆಯ ಮುಂಚಿನ ಊಹಾಪೋಹ ನಮ್ಮ ಅಳತೆಗೋಲಿನೊಳಗೇ ಸೇರಿಕೊಳ್ಳಬಾರದು.

ಒಂದು ಕಾಲ್ಪನಿಕ ಷೇರಿನ ಲೆಕ್ಕ ನೋಡೋಣ. ಬೆಲೆ ₹800ರ ಆಸುಪಾಸು, ಡಿವಿಡೆಂಡ್ ₹10ರಿಂದ ₹14ಕ್ಕೆ ಏರಿದೆ. ಆಲ್ಫಾ ಶೇ 0.02, ಬೀಟಾ 0.9, ವಿವರಿಸಲಾಗದ ಅಲುಗಾಟ ಶೇ 1.5.

ಘೋಷಣೆಯ ಹಿಂದಿನ ದಿನ ಸೂಚ್ಯಂಕ ಶೇ 0.4 ಏರಿತು. ಷೇರು ಏರಬೇಕಿದ್ದದ್ದು 0.02 + 0.9 × 0.4 = ಶೇ 0.38. ನಿಜವಾಗಿ ಏರಿದ್ದು ಶೇ 0.6. ಹೆಚ್ಚುವರಿ 0.22.
ಸೊನ್ನೆ ದಿನ ಸೂಚ್ಯಂಕ ಶೇ 0.5 ಇಳಿಯಿತು. ನಿರೀಕ್ಷೆ 0.02 − 0.45 = −0.43. ಷೇರು ಏರಿದ್ದು ಶೇ 1.2. ಹೆಚ್ಚುವರಿ 1.63.
ಮರುದಿನ ಸೂಚ್ಯಂಕ ಶೇ 0.3 ಏರಿತು. ನಿರೀಕ್ಷೆ 0.29. ಷೇರು ಇಳಿದದ್ದು ಶೇ 0.1. ಹೆಚ್ಚುವರಿ −0.39.

ಮೂರನ್ನೂ ಕೂಡಿಸಿದರೆ ಶೇ 1.46. ಒಳ್ಳೆಯ ಏರಿಕೆ ಎನಿಸುತ್ತದೆ. ಆದರೆ ಈ ಷೇರು ಯಾವ ಸುದ್ದಿಯೂ ಇಲ್ಲದ ದಿನಗಳಲ್ಲೂ ದಿನಕ್ಕೆ ಶೇ 1.5ರಷ್ಟು ಅಲುಗುವಂಥದ್ದು. ಮೂರು ದಿನಕ್ಕೆ ಆ ಅಲುಗಾಟ 1.5 × 3ರ ವರ್ಗಮೂಲ, ಅಂದರೆ ಶೇ 2.6. 1.46 ಅನ್ನು 2.6ರಿಂದ ಭಾಗಿಸಿದರೆ 0.56. ಇದು ಕನಿಷ್ಠ 1.96 ದಾಟಿದರೆ ಮಾತ್ರ 'ಇದು ಆಕಸ್ಮಿಕವಲ್ಲ' ಎಂದು ಹೇಳಬಹುದು. ಅಂದರೆ ಒಂದೇ ಒಂದು ಘೋಷಣೆಯನ್ನು ನೋಡಿ ಏನೂ ಹೇಳಲು ಬರುವುದಿಲ್ಲ. ಟಿವಿಯಲ್ಲಿ 'ಡಿವಿಡೆಂಡ್ ಸುದ್ದಿಗೆ ಷೇರು ಶೇ 1.5 ಜಿಗಿತ' ಎಂದು ಕಂಡಾಗಲೆಲ್ಲ ಈ ಭಾಗಾಕಾರ ನೆನಪಿರಲಿ.

ಪರಿಹಾರ ಎಂದರೆ ಹೆಚ್ಚು ಘೋಷಣೆಗಳನ್ನು ಸೇರಿಸುವುದು. ಇದೇ ತರಹದ 25 ಘೋಷಣೆಗಳ ಸರಾಸರಿಯೂ ಶೇ 1.46 ಬಂದರೆ ಅಲುಗಾಟ 25ರ ವರ್ಗಮೂಲದಷ್ಟು, ಅಂದರೆ ಐದರಲ್ಲಿ ಒಂದಕ್ಕೆ ಇಳಿದು 0.52 ಆಗುತ್ತದೆ. ಭಾಗಿಸಿದರೆ 2.8. ಈಗ ಧೈರ್ಯವಾಗಿ ಮಾತಾಡಬಹುದು. ಒಂದೇ ಎಚ್ಚರಿಕೆ: 25ರಲ್ಲಿ 15 ಘೋಷಣೆಗಳು ಒಂದೇ ವಾರದಲ್ಲಿ ಒಂದೇ ವಲಯದಿಂದ ಬಂದಿದ್ದರೆ ಅವು ಹದಿನೈದು ಬೇರೆ ಬೇರೆ ಸಾಕ್ಷಿಗಳಲ್ಲ. ನಾಲ್ಕು ಐಟಿ ಕಂಪನಿಗಳು ಒಂದೇ ವಾರ ಏರಿದರೆ ರೂಪಾಯಿ–ಡಾಲರ್ ದರ ಕಾರಣ ಇರಬಹುದು. ಅದಕ್ಕೇ ವಲಯ, ವರ್ಷ ಎರಡನ್ನೂ ಹರಡಿ ಆರಿಸಿಕೊಳ್ಳಿ. ಏರಿಕೆ, ಕಡಿತ, ಬದಲಾವಣೆ ಇಲ್ಲ ಎಂದು ಮೂರು ಗುಂಪು ಮಾಡಿ ಬೇರೆ ಬೇರೆ ಸರಾಸರಿ ತೆಗೆಯಿರಿ. 'ಬದಲಾವಣೆ ಇಲ್ಲ' ಗುಂಪಿನ ಸರಾಸರಿ ಸೊನ್ನೆಯ ಹತ್ತಿರ ಬರದಿದ್ದರೆ ನಿಮ್ಮ ವಿಧಾನದಲ್ಲೇ ಎಲ್ಲೋ ಲೋಪವಿದೆ, ಮೊದಲು ಅದನ್ನು ಹುಡುಕಿ.

ಎಕ್ಸ್-ಡೇಟ್: ಹಣ ಹೊರಹೋಗುವ ದಿನ

ಘೋಷಣೆಯ ದಿನದ ಏರಿಳಿತ ಸುದ್ದಿಯದ್ದು, ಎಕ್ಸ್-ಡೇಟಿನ ಇಳಿಕೆ ಹಣದ್ದು. ನಮ್ಮ ಷೇರು ಎಕ್ಸ್-ಡೇಟಿನ ಹಿಂದಿನ ದಿನ ₹812ಕ್ಕೆ ಮುಕ್ತಾಯವಾಗಿದ್ದರೆ, ಬೇರೇನೂ ನಡೆಯದಿದ್ದಲ್ಲಿ, ಮರುದಿನ ₹798ರ ಸುತ್ತ ತೆರೆಯಬೇಕು. ಸಾಮಾನ್ಯ ಡಿವಿಡೆಂಡ್‌ಗೆ ನಮ್ಮ ಎಕ್ಸ್‌ಚೇಂಜ್‌ಗಳು ಹಿಂದಿನ ದಿನದ ಮುಕ್ತಾಯ ಬೆಲೆಯನ್ನು ತಗ್ಗಿಸಿ ತೋರಿಸುವುದಿಲ್ಲ. ಹೀಗಾಗಿ ಆ್ಯಪ್‌ನಲ್ಲಿ ಷೇರು ಬೆಳಿಗ್ಗೆಯೇ ಶೇ 1.7 'ನಷ್ಟ'ದಲ್ಲಿ ಕೆಂಪಾಗಿ ಕಾಣುತ್ತದೆ. ಅದು ನಷ್ಟವಲ್ಲ, ನಿಮ್ಮ ಹಣ ಇನ್ನೊಂದು ದಾರಿಯಲ್ಲಿ ಬರುತ್ತಿದೆ.

ಇಲ್ಲೊಂದು ನಿಜವಾದ ಅಪಾಯವಿದೆ. ಬ್ರೋಕರ್ ಬಳಿ ಜಿಟಿಟಿ ಸ್ಟಾಪ್-ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆದೇಶ) ₹800ಕ್ಕೆ ಹಾಕಿಟ್ಟಿದ್ದರೆ, ಕಂಪನಿಗೆ ಏನೂ ಕೆಟ್ಟದ್ದಾಗದಿದ್ದರೂ ಎಕ್ಸ್-ಡೇಟಿನ ಬೆಳಿಗ್ಗೆ ಅದು ಜಾರಿಯಾಗಿ ಷೇರು ಮಾರಾಟವಾಗಿಬಿಡುತ್ತದೆ. ಎಕ್ಸ್-ಡೇಟಿನ ಹಿಂದಿನ ಸಂಜೆ ಡಿವಿಡೆಂಡ್‌ನಷ್ಟು ಕೆಳಗಿಳಿಸಿ, ಅಂದರೆ ₹786ಕ್ಕೆ ಬದಲಾಯಿಸಿ.

ಇಳಿಕೆಯನ್ನು ಅಳೆಯುವಾಗ ಪೇಟೆಯ ಪಾಲು ಕಳೆಯಬೇಕು. ಎಕ್ಸ್-ಡೇಟಿನಂದು ಸೂಚ್ಯಂಕ ಶೇ 0.6 ಏರಿ, ಷೇರು ₹803ಕ್ಕೆ ಮುಗಿಯಿತು ಎನ್ನಿ. ಬೀಟಾ 0.9 ಇರುವುದರಿಂದ ಪೇಟೆಯ ಪಾಲು ಶೇ 0.54. 803 ಅನ್ನು 1.0054ರಿಂದ ಭಾಗಿಸಿದರೆ 798.69. ಇಳಿಕೆ 812 − 798.69 = ₹13.31. ಡಿವಿಡೆಂಡ್ ₹14ರಿಂದ ಭಾಗಿಸಿದರೆ 0.95. ಇದನ್ನು ಇಳಿಕೆಯ ಅನುಪಾತ ಎನ್ನೋಣ. ದಿನದ ಅಲುಗಾಟ ಶೇ 1.5, ಅಂದರೆ ಸುಮಾರು ₹12 ಇರುವಾಗ ಒಂದು ಎಕ್ಸ್-ಡೇಟಿನ ಅನುಪಾತಕ್ಕೆ ಅರ್ಥವಿಲ್ಲ, ಇಲ್ಲೂ ಹತ್ತಾರು ಉದಾಹರಣೆಗಳ ಸರಾಸರಿ ಬೇಕು. ಬೆಲೆಯ ಶೇ 1ಕ್ಕಿಂತ ಚಿಕ್ಕ ಡಿವಿಡೆಂಡ್‌ಗಳನ್ನು ಬಿಟ್ಟುಬಿಡಿ. ಮುಕ್ತಾಯ ಬೆಲೆಯ ಬದಲು ಆರಂಭಿಕ ಬೆಲೆ ತೆಗೆದುಕೊಂಡರೆ ಗದ್ದಲ ಕಡಿಮೆ.

ಅನುಪಾತ ಒಂದಕ್ಕಿಂತ ಕಡಿಮೆ ಬಂದರೆ ಪೇಟೆ ತಪ್ಪು ಮಾಡಿತು ಎನ್ನಲು ಅವಸರಪಡಬೇಡಿ. ಸಂಶೋಧಕರಾದ ಎಲ್ಟನ್ ಮತ್ತು ಗ್ರೂಬರ್ 1970ರಲ್ಲಿ ತೋರಿಸಿದಂತೆ ತೆರಿಗೆ ಅದನ್ನು ವಿವರಿಸಬಲ್ಲದು. 2020ರ ಏಪ್ರಿಲ್ 1ರಿಂದ ಕಂಪನಿಯೇ ಕಟ್ಟುತ್ತಿದ್ದ ಡಿವಿಡೆಂಡ್ ವಿತರಣಾ ತೆರಿಗೆ ಹೋಗಿ, ಡಿವಿಡೆಂಡ್ ಪಡೆದವರ ಆದಾಯಕ್ಕೆ ಸೇರಿ ಅವರವರ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತಿದೆ. ಶೇ 30ರ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ ಶೇ 31.2. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರಿನ ಲಾಭಕ್ಕೆ ಸೆಸ್ ಸೇರಿ ಶೇ 13. ಇಂಥವರಿಗೆ ₹14 ಡಿವಿಡೆಂಡ್‌ಗಿಂತ ಕಡಿಮೆ ಬೆಲೆ ಇಳಿಕೆಯೇ ಸರಿಸಮ: 0.688 ಅನ್ನು 0.87ರಿಂದ ಭಾಗಿಸಿದರೆ 0.79, ಅಂದರೆ ಸುಮಾರು ₹11. ಮ್ಯೂಚುವಲ್ ಫಂಡ್‌ಗಳಿಗೆ ಈ ವ್ಯತ್ಯಾಸವಿಲ್ಲ, ಅವುಗಳ ಲೆಕ್ಕದಲ್ಲಿ ಅನುಪಾತ 1. ನಿಮ್ಮ ಸರಾಸರಿ ಇವೆರಡರ ನಡುವೆ ಬಂದರೆ ಅಸಹಜವೇನಿಲ್ಲ.

'ಎಕ್ಸ್-ಡೇಟಿಗೆ ಮುಂಚೆ ಕೊಂಡು, ಡಿವಿಡೆಂಡ್ ಪಡೆದು, ಮಾರಿಬಿಡಿ' ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಪ್ರತಿ ಜೂನ್‌ನಲ್ಲಿ ಹರಿದಾಡುತ್ತದೆ. ಅದರ ಲೆಕ್ಕ ಪೂರ್ತಿ ಹಾಕಿ ನೋಡಿ. ₹812ರಂತೆ 100 ಷೇರು, ₹81,200. ಡಿವಿಡೆಂಡ್ ₹1,400, ಶೇ 31.2 ತೆರಿಗೆ ₹437 ಹೋಗಿ ಕೈಗೆ ₹963. ₹798ಕ್ಕೆ ಮಾರಿದರೆ ನಷ್ಟ ₹1,400. ಕೊಳ್ಳುವಾಗ, ಮಾರುವಾಗ ಶೇ 0.1ರಂತೆ ಎಸ್‌ಟಿಟಿ (ಷೇರು ವಹಿವಾಟು ತೆರಿಗೆ) ₹161, ಮುದ್ರಾಂಕ ಶುಲ್ಕ ಶೇ 0.015ರಂತೆ ₹12. ಒಟ್ಟು ₹610 ಕೈಬಿಟ್ಟಿತು. ಡಿಮ್ಯಾಟ್ ಖಾತೆಯ ಡಿಪಿ ಶುಲ್ಕ, ದಲ್ಲಾಳಿ ಇನ್ನೂ ಸೇರಿಸಿಲ್ಲ. ಬೇರೆ ಅಲ್ಪಾವಧಿ ಲಾಭ ಇದ್ದು ಈ ₹1,400 ನಷ್ಟವನ್ನು ಅದರಲ್ಲಿ ವಜಾ ಮಾಡಿಕೊಂಡರೆ ಶೇ 20.8ರಂತೆ ₹291 ತೆರಿಗೆ ಉಳಿದೀತು, ಆಗಲೂ ₹319 ನಷ್ಟವೇ. ತೆರಿಗೆ ವ್ಯಾಪ್ತಿಯಲ್ಲೇ ಇಲ್ಲದವರಿಗೆ ಖರ್ಚು ಮಾತ್ರ ನಷ್ಟ, ಲಾಭವಂತೂ ಇಲ್ಲ. ಅಂಥವರು ಒಂದು ಕಂಪನಿಯಿಂದ ವರ್ಷಕ್ಕೆ ₹10,000ಕ್ಕಿಂತ ಹೆಚ್ಚು ಡಿವಿಡೆಂಡ್ ಬರುವಂತಿದ್ದರೆ ಮೊದಲೇ ಸ್ವಯಂ ಘೋಷಣೆ ಫಾರಂ ಕೊಡಬೇಕು, ಇಲ್ಲದಿದ್ದರೆ ಶೇ 10 ಟಿಡಿಎಸ್ ಕಡಿತವಾಗಿ, ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬೇಕಾಗುತ್ತದೆ.

ಫ್ಯೂಚರ್ಸ್ (ಮುಂದಿನ ತಾರೀಖಿಗೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ನೋಡುವವರಿಗೆ ಒಂದು ಮಾತು. ನಮ್ಮ ಷೇರು ₹812ರಲ್ಲಿ ಇರುವಾಗ, ಒಪ್ಪಂದದ ಅವಧಿ ಮುಗಿಯಲು 25 ದಿನ ಇದ್ದು ಅಷ್ಟರೊಳಗೆ ₹14 ಡಿವಿಡೆಂಡ್ ಬರುವಂತಿದ್ದರೆ, ಶೇ 6.5 ಬಡ್ಡಿಯ ಲೆಕ್ಕದಲ್ಲಿ ಫ್ಯೂಚರ್ಸ್ ಬೆಲೆ 812 + 3.6 − 14 = ₹801.60ರ ಸುತ್ತ ಇರಬೇಕು. ಇದನ್ನು 'ಡಿಸ್ಕೌಂಟ್‌ನಲ್ಲಿದೆ, ದೊಡ್ಡವರು ಮಾರುತ್ತಿದ್ದಾರೆ' ಎಂದು ಓದುವುದು ತಪ್ಪು. ಪೇಟೆ ಡಿವಿಡೆಂಡನ್ನು ಮುಂಚಿತವಾಗಿ ಲೆಕ್ಕಕ್ಕೆ ಹಿಡಿದಿದೆ, ಅಷ್ಟೇ. ಡಿವಿಡೆಂಡ್ ಷೇರಿನ ಬೆಲೆಯ ಶೇ 2 ಅಥವಾ ಹೆಚ್ಚಿದ್ದರೆ ಅದನ್ನು ಅಸಾಮಾನ್ಯ ಎಂದು ಪರಿಗಣಿಸಿ ಆಪ್ಷನ್‌ಗಳ ಸ್ಟ್ರೈಕ್ (ಒಪ್ಪಂದದಲ್ಲಿ ಗೊತ್ತುಮಾಡಿದ) ಬೆಲೆಯಲ್ಲಿ ಅಷ್ಟನ್ನೂ ಕಳೆಯಲಾಗುತ್ತದೆ. ಈ ಶೇ 2 ಎಣಿಸುವುದು ಘೋಷಣೆಯ ಹಿಂದಿನ ಮುಕ್ತಾಯ ಬೆಲೆಯ ಮೇಲೆ, ಎಕ್ಸ್-ಡೇಟಿನ ಬೆಲೆಯ ಮೇಲಲ್ಲ. ₹14ಕ್ಕೆ ಹೊಂದಾಣಿಕೆ ಇಲ್ಲ, ₹17 ಆಗಿದ್ದರೆ ಇತ್ತು.

ಪೇಟೆ ದಕ್ಷವೇ ಎಂದು ಓದುವುದು ಹೇಗೆ

−10ನೇ ದಿನದಿಂದ +20ರ ತನಕ ಪ್ರತಿ ದಿನದ ಸರಾಸರಿ ಹೆಚ್ಚುವರಿ ಬದಲಾವಣೆಯನ್ನು ಕೂಡಿಸುತ್ತ ಒಂದು ಗೆರೆ ಎಳೆಯಿರಿ. ಆ ಗೆರೆಯ ಆಕಾರದಲ್ಲಿ ಉತ್ತರವಿದೆ. ಅರ್ಥಶಾಸ್ತ್ರಜ್ಞ ಯೂಜಿನ್ ಫಾಮಾ 1970ರಲ್ಲಿ ವಿಂಗಡಿಸಿದ ಪ್ರಕಾರ, ಸಾರ್ವಜನಿಕ ಮಾಹಿತಿಯೆಲ್ಲ ಬೆಲೆಯಲ್ಲಿ ಕೂಡಲೇ ಸೇರುವ ಪೇಟೆಯಲ್ಲಿ ಗೆರೆ ಸೊನ್ನೆ ದಿನ ಒಮ್ಮೆ ಜಿಗಿದು ಆಮೇಲೆ ಸಪಾಟಾಗಿ ಸಾಗಬೇಕು.

ಗೆರೆ −5ರಿಂದಲೇ ಏರುತ್ತ ಬಂದು ಸೊನ್ನೆ ದಿನ ಏನೂ ಆಗದಿದ್ದರೆ ಎರಡು ಸಾಧ್ಯತೆ. ಮಂಡಳಿ ಸಭೆಯಲ್ಲಿ ಡಿವಿಡೆಂಡ್ ವಿಷಯ ಬರುತ್ತದೆ ಎಂದು ಕಂಪನಿ ಮುಂಚಿತವಾಗಿ ತಿಳಿಸಲೇಬೇಕಾಗಿರುವುದರಿಂದ ಜನ ಸರಿಯಾಗಿ ಊಹಿಸಿರಬಹುದು. ಅಥವಾ ಮಾಹಿತಿ ಸೋರಿರಬಹುದು. ಡಿವಿಡೆಂಡ್ ಎಂಬುದು ಸೆಬಿಯ ಒಳವಹಿವಾಟು ನಿಯಮಗಳ ಪ್ರಕಾರ ಬೆಲೆ ಅಲುಗಿಸಬಲ್ಲ ಗುಪ್ತ ಮಾಹಿತಿ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಬಂದ 48 ಗಂಟೆಯ ತನಕ ಒಳಗಿನವರು ತಮ್ಮ ಕಂಪನಿಯ ಷೇರು ಮುಟ್ಟುವಂತಿಲ್ಲ. ಎರಡರಲ್ಲಿ ಯಾವುದು ಎಂದು ಬೆಲೆಯ ಗೆರೆಯೊಂದರಿಂದಲೇ ಹೇಳಲಾಗದು. ಮುಂಗಡ ಸೂಚನೆ ಬಂದ ದಿನವನ್ನೂ ಗುರುತಿಸಿಕೊಂಡರೆ ಸ್ವಲ್ಪ ಸುಳಿವು ಸಿಗುತ್ತದೆ: ಏರಿಕೆ ಆ ಸೂಚನೆಗಿಂತ ಮುಂಚೆಯೇ ಶುರುವಾಗಿದ್ದರೆ ಅನುಮಾನಕ್ಕೆ ಹೆಚ್ಚು ಆಸ್ಪದ.

ಗೆರೆ ಸೊನ್ನೆ ದಿನದ ನಂತರವೂ ಅದೇ ದಿಕ್ಕಿಗೆ ಜಾರುತ್ತಿದ್ದರೆ ಪೇಟೆ ಸುದ್ದಿಯನ್ನು ನಿಧಾನವಾಗಿ ಅರಗಿಸಿಕೊಂಡಿತು ಎಂದರ್ಥ. ಇದು ಬರೀ ಊಹೆಯಲ್ಲ. ಮಿಖೇಲಿ, ಥೇಲರ್, ವೊಮ್ಯಾಕ್ ಅಮೆರಿಕದ ಕಂಪನಿಗಳ ಬಗ್ಗೆ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಬಾರಿ ಡಿವಿಡೆಂಡ್ ಶುರು ಮಾಡಿದ ಕಂಪನಿಗಳ ಷೇರು ಮೂರು ದಿನದಲ್ಲಿ ಸರಾಸರಿ ಶೇ 3.4 ಹೆಚ್ಚುವರಿ ಏರಿದ್ದರೆ, ಡಿವಿಡೆಂಡ್ ನಿಲ್ಲಿಸಿದವುಗಳದ್ದು ಶೇ 7 ಕುಸಿದಿತ್ತು. ಅದಾದ ಮೇಲೂ ತಿಂಗಳುಗಟ್ಟಲೆ ಅದೇ ದಿಕ್ಕಿನ ಜಾರಿಕೆ ಕಂಡುಬಂತು. ಕೆಟ್ಟ ಸುದ್ದಿಯ ಪೆಟ್ಟು ಇಮ್ಮಡಿ. ಲಿಂಟ್ನರ್ ಹೇಳಿದ ಭಯ ಸುಮ್ಮನೆ ಹುಟ್ಟಿದ್ದಲ್ಲ.

ನಮ್ಮಲ್ಲಿ ಇಂಥ ಜಾರಿಕೆ ಕಂಡಾಗ ಮೊದಲು ಸರ್ಕ್ಯೂಟ್ ಮಿತಿ (ಒಂದು ದಿನದಲ್ಲಿ ಬೆಲೆ ಏರಿಳಿಯಬಹುದಾದ ಗರಿಷ್ಠ ಪ್ರಮಾಣ) ನೋಡಿ. ಫ್ಯೂಚರ್ಸ್ ಇಲ್ಲದ ಷೇರುಗಳಿಗೆ ದಿನಕ್ಕೆ ಶೇ 2, 5, 10 ಅಥವಾ 20ರ ಮಿತಿ ಇದೆ. ಶೇ 5ರ ಮಿತಿಯ ಷೇರು ಶೇ 14 ಏರಬೇಕಿದ್ದರೆ ಎರಡು ದಿನ ಅಪ್ಪರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡು ಮೂರನೇ ದಿನವಷ್ಟೇ ಅಲ್ಲಿಗೆ ಮುಟ್ಟುತ್ತದೆ, ಗೆರೆಯಲ್ಲಿ ಅದು 'ನಿಧಾನದ ಪೇಟೆ' ಎಂದು ಕಾಣುತ್ತದೆ. ನಿಧಾನ ಮಾಡಿದ್ದು ನಿಯಮ, ಹೂಡಿಕೆದಾರರಲ್ಲ. ಎರಡನೆಯದು, ವಹಿವಾಟೇ ಇಲ್ಲದ ಸಣ್ಣ ಷೇರುಗಳು. ದಿನಕ್ಕೆ ನಾಲ್ಕಾರು ನೂರು ಷೇರು ಕೈಬದಲಾಗುವ ಕಡೆ ಮುಕ್ತಾಯ ಬೆಲೆ ಮಧ್ಯಾಹ್ನದ್ದಿರಬಹುದು. ಬೀಟಾ ಕೃತಕವಾಗಿ ಕಡಿಮೆ ಬರುತ್ತದೆ, ಸುದ್ದಿ ತಡವಾಗಿ ಮುಟ್ಟಿದಂತೆ ತೋರುತ್ತದೆ. 120 ದಿನಗಳಲ್ಲಿ ಬೆಲೆ ಬದಲಾಗದ ದಿನಗಳು 10ಕ್ಕಿಂತ ಹೆಚ್ಚಿದ್ದರೆ ಆ ಷೇರು ಬಿಡಿ. ಮೂರನೆಯದು, +20 ದಿನದೊಳಗೆ ಎಕ್ಸ್-ಡೇಟ್ ಬಂದಿದ್ದರೆ ಆ ದಿನದ ಬದಲಾವಣೆಗೆ ಡಿವಿಡೆಂಡ್ ವಾಪಸ್ ಸೇರಿಸಲೇಬೇಕು. ಮಧ್ಯಂತರ ಡಿವಿಡೆಂಡ್‌ನಲ್ಲಿ ಎಕ್ಸ್-ಡೇಟ್ ಸಾಮಾನ್ಯವಾಗಿ ಒಂದೆರಡು ವಾರದಲ್ಲೇ ಬರುತ್ತದೆ. ಸೇರಿಸದಿದ್ದರೆ ಒಳ್ಳೆಯ ಸುದ್ದಿಯ ಮೇಲೆ ಪೇಟೆ 'ಮನಸ್ಸು ಬದಲಿಸಿದಂತೆ' ಕಾಣುತ್ತದೆ. ಈ ಒಂದು ತಪ್ಪಿನಿಂದ ಹಾಳಾಗುವ ಲೆಕ್ಕಗಳಿಗೆ ಕೊನೆಯಿಲ್ಲ.

ಇವೆಲ್ಲ ಸರಿಪಡಿಸಿದ ಮೇಲೂ ಜಾರಿಕೆ ಉಳಿದರೆ ಬೀಟಾ ಬದಲು ಬೇರೆ ಅಳತೆಯಿಂದ, ಉದಾಹರಣೆಗೆ ಅದೇ ಗಾತ್ರದ, ಅದೇ ವಲಯದ ಡಿವಿಡೆಂಡ್ ಬದಲಿಸದ ಐದು ಕಂಪನಿಗಳ ಸರಾಸರಿಯೊಂದಿಗೆ ಹೋಲಿಸಿ ಇನ್ನೊಮ್ಮೆ ಲೆಕ್ಕ ಹಾಕಿ. 'ಸಹಜ ಬದಲಾವಣೆ' ಎಷ್ಟೆಂದು ನಾವು ಹಿಡಿದ ಅಳತೆಯೇ ತಪ್ಪಿದ್ದರೂ ಗೆರೆ ಜಾರುತ್ತದೆ. ಪೇಟೆಯನ್ನು ಪರೀಕ್ಷಿಸುವಾಗಲೆಲ್ಲ ಆ ಅಳತೆಯನ್ನೂ ಜೊತೆಗೇ ಪರೀಕ್ಷಿಸುತ್ತಿರುತ್ತೇವೆ ಎಂದು ಫಾಮಾ ಒತ್ತಿ ಹೇಳಿದ್ದು ಇದನ್ನೇ. ಎರಡೂ ಅಳತೆಯಲ್ಲಿ ಜಾರಿಕೆ ಒಂದೇ ರೀತಿ ಬಂದರೆ, ಅದರಿಂದ ಎಸ್‌ಟಿಟಿ, ಮುದ್ರಾಂಕ, ಅಲ್ಪಾವಧಿ ತೆರಿಗೆ, ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ಇಷ್ಟನ್ನೂ ಕಳೆಯಿರಿ. ಸಣ್ಣ ಷೇರುಗಳಲ್ಲಿ ಕೊನೆಯದೊಂದೇ ಶೇ 1 ತಿಂದುಬಿಡಬಹುದು.